ಚಿತ್ರದ ಬೆನ್ನಿನ ಬರಹ

ಹಳೇ ಮೈಸೂರಿನ ಹಳ್ಳಿಗಳ ಮದುವೆಗಳಲ್ಲಿ ಇಂದಿಗೂ ಚಪ್ಪರದ ಒಂದು ಮೂಲೆಯಲ್ಲಿ ನೋಟುಪುಸ್ತಕ ಹಿಡಿದು ಕೂತವರೊಬ್ಬರು ಕಾಣಸಿಗುತ್ತಾರೆ. ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಬರೆದುಕೊಳ್ಳುವುದು ಅವರ ಕೆಲಸ. ನಾಳೆ ಅವರ ಮನೆಯಲ್ಲಿ ಮದುವೆಯಾದಾಗ ಅಷ್ಟನ್ನೋ, ಅದಕ್ಕಿಂತ ತುಸು ಹೆಚ್ಚನ್ನೋ ತೀರಿಸಬೇಕು. ನಾಟಿಯ ಕಾಲದಲ್ಲೂ ಇದೇ ಲೆಕ್ಕ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು, ಅದು ಮುಯ್ಯಾಳು. ದಾನಕ್ಕೂ ವ್ಯಾಪಾರಕ್ಕೂ ನಡುವೆ ಎಲ್ಲೋ ನಿಲ್ಲುವ ಈ ವ್ಯವಹಾರಕ್ಕೆ ಎರಡು ನಿಯಮಗಳಿವೆ. ಕೊಟ್ಟವರಿಗೆ ಮರಳಿ ಸಲ್ಲಬೇಕು; ಯಾರು ಕೊಟ್ಟರೆಂಬುದು ನೆನಪಿರಬೇಕು.

ಹವ್ಯಾಸಿ ಛಾಯಾಗ್ರಾಹಕರ ಇತಿಹಾಸ ನನ್ನ ಸಂಶೋಧನೆಯ ವಿಷಯ. ಈ ಇತಿಹಾಸವನ್ನು ಸಾಮಾನ್ಯವಾಗಿ ಕ್ಯಾಮೆರಾಗಳ ಕತೆಯಾಗಿ ಹೇಳುತ್ತಾರೆ: ಯಾವ ಲೆನ್ಸ್ ಯಾವಾಗ ಬಂತು, ಯಾವ ರಾಸಾಯನಿಕ ಯಾವುದನ್ನು ಹಿಂದಿಕ್ಕಿತು. ಓದುತ್ತ ಹೋದಂತೆ ನನಗೆ ಅದು ಮುಯ್ಯಿಯ ಕತೆಯಾಗಿ ಕಾಣತೊಡಗಿತು. ಹವ್ಯಾಸಿಗಳು ಚಿತ್ರ ತೆಗೆದದ್ದು ಬಹುಮಟ್ಟಿಗೆ ಪರಸ್ಪರ ಕೊಟ್ಟುಕೊಳ್ಳುವುದಕ್ಕಾಗಿ. ಹಾಗಾದರೆ ಆ ಕೊಡುಕೊಳ್ಳುವಿಕೆಯ ಬಳಗದೊಳಗೆ ಯಾರಿದ್ದರು, ಯಾರ ಹೆಸರು ಆ ನೋಟುಪುಸ್ತಕಕ್ಕೆ ಏರಲೇ ಇಲ್ಲ ಎಂದು ಕೇಳುವುದು ಇತಿಹಾಸದ ವಿದ್ಯಾರ್ಥಿಯ ಕೆಲಸವಾಗುತ್ತದೆ.

1839ರಲ್ಲಿ ಲೋಕಕ್ಕೆ ಪರಿಚಯವಾದ ಡಾಗೆರೋಟೈಪ್ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮೂಡುವ ಚಿತ್ರ. ಒಂದು ತಗಡು, ಒಂದೇ ಚಿತ್ರ. ಕೊಟ್ಟರೆ ಕೈ ಖಾಲಿ. ಅದರಲ್ಲಿ ಮುಯ್ಯಿ ಸಾಧ್ಯವಿರಲಿಲ್ಲ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಹಕ್ಕುಪತ್ರ ಪಡೆದ ಕ್ಯಾಲೊಟೈಪ್ ವಿಧಾನದಲ್ಲಿ ಮಾತ್ರ ಕಾಗದದ ನೆಗೆಟಿವ್ ಒಂದರಿಂದ ಬೇಕಾದಷ್ಟು ಪ್ರತಿಗಳನ್ನು ಬಿಸಿಲಿಗೆ ಹಿಡಿದು ತೆಗೆಯಬಹುದಿತ್ತು. ಹಂಚುವ ಬಯಕೆಗೆ ಹಂಚಲು ವಸ್ತು ಸಿಕ್ಕಿದ್ದು ಇಲ್ಲಿಂದ.

1855ರ ಹೊತ್ತಿಗೆ ಲಂಡನ್ನಿನಲ್ಲಿ ಹವ್ಯಾಸಿಗಳ ವಿನಿಮಯ ಕೂಟವೊಂದು ತಲೆಯೆತ್ತಿತು. ಸದಸ್ಯರು ತಮ್ಮ ಚಿತ್ರದ ಪ್ರತಿಗಳನ್ನು ಕೊಟ್ಟು, ಪ್ರತಿಯಾಗಿ ಎಲ್ಲರ ಚಿತ್ರಗಳೂ ಇರುವ ಆಲ್ಬಂ ಒಂದನ್ನು ಪಡೆಯುತ್ತಿದ್ದರು. ಅಮೆರಿಕದಲ್ಲಿ 1861ರಲ್ಲಿ ಹುಟ್ಟಿದ ಹವ್ಯಾಸಿಗಳ ವಿನಿಮಯ ಕ್ಲಬ್ಬಿನ ನಿಯಮ ಇನ್ನೂ ಕಟ್ಟುನಿಟ್ಟು. ಎರಡು ತಿಂಗಳಿಗೊಮ್ಮೆ, 15ನೇ ತಾರೀಕಿನೊಳಗೆ, ಪ್ರತಿಯೊಬ್ಬ ಸದಸ್ಯನೂ ಉಳಿದ ಪ್ರತಿಯೊಬ್ಬ ಸದಸ್ಯನಿಗೂ ಕನಿಷ್ಠ ಒಂದು ಸ್ಟೀರಿಯೋ ಚಿತ್ರವನ್ನು ಅಂಟಿಸಿ, ಒಪ್ಪ ಮಾಡಿ ಅಂಚೆಯಲ್ಲಿ ಕಳಿಸಬೇಕು. ಸ್ಟೀರಿಯೋ ಎಂದರೆ ಒಂದೇ ದೃಶ್ಯದ ಎರಡು ಚಿತ್ರಗಳನ್ನು ಅಕ್ಕಪಕ್ಕ ಅಂಟಿಸಿದ ಕಾರ್ಡು. ಜೋಡಿ ಮಸೂರದ ಪೆಟ್ಟಿಗೆಯಲ್ಲಿಟ್ಟು ನೋಡಿದರೆ ದೃಶ್ಯಕ್ಕೆ ಆಳ ಬರುತ್ತದೆ. ನ್ಯೂಯಾರ್ಕಿನ ಛಾಯಾಗ್ರಹಣ ಸಾಮಗ್ರಿಗಳ ವ್ಯಾಪಾರಿ ಹೆನ್ರಿ ಆಂಟನಿ, ಫಿಲಡೆಲ್ಫಿಯಾದ ಎಂಜಿನಿಯರ್ ಕೋಲ್ಮನ್ ಸೆಲರ್ಸ್ ಮೊದಲಾದವರು ಅದರ ಸದಸ್ಯರು. ದೇಶ ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಆ ದಿನಗಳಲ್ಲಿ ಕ್ಲಬ್ಬು ನಡೆದದ್ದು ಎರಡು ವರ್ಷ, 1863ರವರೆಗೆ.

ಆ ಕಾರ್ಡುಗಳ ಬೆನ್ನು ನನಗೆ ಅವುಗಳ ಮುಖಕ್ಕಿಂತ ಹೆಚ್ಚು ಆಸಕ್ತಿಯ ವಿಷಯ. ಅಲ್ಲಿ ಅಂಟಿಸಿದ ಚೀಟಿಯಲ್ಲಿ ತೆಗೆದವನ ಹೆಸರು, ಸ್ಥಳ, ಬಳಸಿದ ವಿಧಾನದ ವಿವರ ಇರುತ್ತಿತ್ತು. ‘ನಾನು ಹೀಗೆ ಮಾಡಿದೆ, ನೀನೂ ಮಾಡಿ ನೋಡು’ ಎಂಬ ಆಹ್ವಾನವದು. ಶಾಲೆಗಳಿಲ್ಲದ ಕಾಲದಲ್ಲಿ ಹವ್ಯಾಸಿಗಳು ಈ ಚೀಟಿಗಳಿಂದಲೇ ಒಬ್ಬರಿಂದೊಬ್ಬರು ಕಲಿತರು. ಗುಟ್ಟು ಬಿಟ್ಟುಕೊಡದ ವೃತ್ತಿಪರ ಸ್ಟುಡಿಯೋಗಳಿಗೂ ಇವರಿಗೂ ಇದ್ದ ದೊಡ್ಡ ಅಂತರ ಇದು.

ಭಾರತ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಬಾಂಬೆಯ ಛಾಯಾಗ್ರಹಣ ಸಂಘ 1854ರಲ್ಲೇ ಹುಟ್ಟಿತು. ಕಲ್ಕತ್ತೆ ಮತ್ತು ಮದ್ರಾಸಿನ ಸಂಘಗಳು 1856ರಲ್ಲಿ. ಸದಸ್ಯರಲ್ಲಿ ಕಂಪನಿ ಸೇನೆಯ ಅಧಿಕಾರಿಗಳು, ವೈದ್ಯರು, ಎಂಜಿನಿಯರುಗಳು ಹೆಚ್ಚು. ಬಾಂಬೆಯಲ್ಲಿ ವೈದ್ಯರೂ ಶಾಸನತಜ್ಞರೂ ಆಗಿದ್ದ ಭಾವು ದಾಜಿ, ಅವರ ತಮ್ಮ ನಾರಾಯಣ ದಾಜಿ ಅವರಂಥ ಭಾರತೀಯರೂ ಇದ್ದರು. ಅದೇ ಸಂಘದ ಆಶ್ರಯದಲ್ಲಿ 1856ರಿಂದ ಎರಡು ವರ್ಷ ತಿಂಗಳಿಗೊಂದು ಆಲ್ಬಂ ಹೊರಬಂತು. ಪ್ರತಿ ಸಂಚಿಕೆಯಲ್ಲಿ ಮೂರು ಅಸಲಿ ಫೋಟೋಗಳು. ಅಚ್ಚಿನಲ್ಲಿ ಫೋಟೋ ಮುದ್ರಿಸುವ ತಂತ್ರ ಇನ್ನೂ ಬಂದಿರಲಿಲ್ಲವಾದ್ದರಿಂದ ಪ್ರತಿಯೊಂದು ಪ್ರತಿಗೂ ಚಿತ್ರಗಳನ್ನು ಬಿಸಿಲಿನಲ್ಲಿ ತಯಾರಿಸಿ ಕೈಯಲ್ಲಿ ಅಂಟಿಸಬೇಕಿತ್ತು.

ಕನ್ನಡ ನಾಡಿನ ದೇಗುಲಗಳು ಕ್ಯಾಮೆರಾದ ಮುಂದೆ ಬಂದದ್ದು ಈ ಹವ್ಯಾಸಿಗಳ ಕಾಲದಲ್ಲೇ. ಬೆಂಗಳೂರಿನಲ್ಲಿ ನೆಲೆಸಿದ್ದ ಲಿನ್ನೇಯಸ್ ಟ್ರೈಪ್ ಎಂಬ ಕ್ಯಾಪ್ಟನ್ 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳ ಕಡೆ ಹೊರಟ. ಆಗ ಅವನು ಸರ್ಕಾರಿ ಛಾಯಾಗ್ರಾಹಕನಲ್ಲ, ಬರೀ ಹವ್ಯಾಸಿ. 1855ರ ಆರಂಭದಲ್ಲಿ ಮದ್ರಾಸಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಅವನು 68 ಚಿತ್ರಗಳನ್ನು ಇಟ್ಟ. ಅದುವರೆಗೆ ಯಾರೂ ಫೋಟೋ ತೆಗೆದಿರದ ದೇಗುಲಗಳವು. ಮದ್ರಾಸಿನ ಸೇನೆಯ ವೈದ್ಯ ನೀಲ್ ಕೂಡ ಹೊಯ್ಸಳ ಗುಡಿಗಳ ಚಿತ್ರ ತೆಗೆದ. ಉತ್ತರದಲ್ಲಿ ಬಾದಾಮಿ, ಐಹೊಳೆ, ಬಿಜಾಪುರಗಳ ಕಡೆ ಬಿಗ್ಸ್ ಎಂಬ ಸೇನಾಧಿಕಾರಿ, ಅವನ ನಂತರ ಪಿಗೌ ಎಂಬ ವೈದ್ಯ ದುಡಿದರು. ನೀಲ್, ಬಿಗ್ಸ್, ಪಿಗೌ ಮೂವರ ಚಿತ್ರಗಳೂ ಒಟ್ಟಾಗಿ, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹದೊಡನೆ, 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಗ್ರಂಥವಾದವು. ಅಷ್ಟು ಹೊತ್ತಿಗೆ ಪಿಗೌ ತೀರಿಕೊಂಡಿದ್ದ. ಕೈಯಿಂದ ಕೈಗೆ ಸಾಗಿದ್ದರಿಂದ ಅವನ ಚಿತ್ರಗಳು ಅವನನ್ನು ದಾಟಿ ಬದುಕಿದವು.

ಹಂಪಿಯ ಕತೆ ಇದಕ್ಕೆ ವ್ಯತಿರಿಕ್ತ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಸೇನಾಧಿಕಾರಿ ದೊಡ್ಡ ಅಳತೆಯ ಮೇಣಗಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಅವಶೇಷಗಳನ್ನು ಹಿಡಿದಿಟ್ಟ. ಆ ನೆಗೆಟಿವ್‌ಗಳು ಮತ್ತೆ ವಿದ್ವಾಂಸರ ಕೈಸೇರಿದ್ದು 1980ರ ಸುಮಾರಿಗೆ. ಆಮೇಲೆ, 1983ರಲ್ಲಿ, ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ಕ್ಯಾಮೆರಾ ನಿಲ್ಲಿಸಿ ಅದೇ ದೃಶ್ಯಗಳನ್ನು ಮತ್ತೆ ತೆಗೆದರು. ನಡುವೆ ಕಳೆದದ್ದು 127 ವರ್ಷ. ಗ್ರೀನ್‌ಲಾನ ಮುಯ್ಯಿಗೆ ಮರುಮುಯ್ಯಿ ಅಷ್ಟು ತಡವಾಗಿ ಸಂದಿತು ಎನ್ನಬಹುದೇನೋ.

ಇಲ್ಲಿಯವರೆಗಿನದು ಬಳಗದ ಒಳಗಿದ್ದವರ ಕತೆ. ಬಳಗದ ಬೇಲಿ ಎಷ್ಟು ಬಿಗಿಯಾಗಿತ್ತು ಎಂಬುದು 1857ರಲ್ಲಿ ಕಲ್ಕತ್ತೆಯಲ್ಲಿ ಗೊತ್ತಾಯಿತು. ಅಲ್ಲಿನ ಸಂಘದ ಪದಾಧಿಕಾರಿಗಳಲ್ಲಿ ರಾಜೇಂದ್ರಲಾಲ್ ಮಿತ್ರ ಒಬ್ಬರು. ಮುಂದೆ ಏಷ್ಯಾಟಿಕ್ ಸೊಸೈಟಿಯ ಮೊದಲ ಭಾರತೀಯ ಅಧ್ಯಕ್ಷರಾದ ವಿದ್ವಾಂಸ. ಒಳನಾಡಿನ ಐರೋಪ್ಯರೂ ಕಂಪನಿಯ ಸ್ಥಳೀಯ ಕ್ರಿಮಿನಲ್ ನ್ಯಾಯಾಲಯಗಳಿಗೆ ಒಳಪಡಬೇಕು ಎಂಬ ಮಸೂದೆಯ ಪರವಾಗಿ ಅವರು ಆ ವರ್ಷ ಸಾರ್ವಜನಿಕ ಸಭೆಯಲ್ಲಿ ಮಾತಾಡಿದರು. ನೀಲಿ ತೋಟಗಾರರ ದಬ್ಬಾಳಿಕೆಯನ್ನು ಕಟುವಾಗಿ ಟೀಕಿಸಿದರು. ಭಾಷಣಕ್ಕೂ ಫೋಟೋಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಛಾಯಾಗ್ರಹಣ ಸಂಘ ಅವರನ್ನು ಹೊರಹಾಕಿತು. ಚಿತ್ರ ಹಂಚಿಕೊಳ್ಳುವಾಗ ಎಲ್ಲರೂ ಸಮಾನರಾದ ಹವ್ಯಾಸಿಗಳು. ನ್ಯಾಯಾಲಯದ ಮುಂದೆ ಸಮಾನತೆ ಕೇಳಿದೊಡನೆ ಆ ಮೇಜಿನಲ್ಲಿ ಕುರ್ಚಿ ಇಲ್ಲ.

ಎರಡನೆಯ ಬಿರುಕು ಇನ್ನೂ ಸದ್ದಿಲ್ಲದ್ದು. ಗವರ್ನರ್ ಜನರಲ್ ಕ್ಯಾನಿಂಗ್ ಮತ್ತು ಅವನ ಹೆಂಡತಿ, ಊರಿಗೆ ಮರಳುವಾಗ ಭಾರತದ ನೆನಪಿಗೆಂದು ಒಯ್ಯಲು ಇಲ್ಲಿನ ಜನರ ಚಿತ್ರಗಳನ್ನು ಬಯಸಿದರು. ಹವ್ಯಾಸಿ ಅಧಿಕಾರಿಗಳು ಹೋದಲ್ಲೆಲ್ಲ ಚಿತ್ರ ತೆಗೆದು ಒಂದೊಂದು ಪ್ರತಿ ಕಳಿಸಿಕೊಟ್ಟರು. ಸ್ನೇಹದ ಕಾಣಿಕೆಯಂತೆ ಶುರುವಾದ ಈ ಸಂಗ್ರಹವನ್ನು 1857ರ ದಂಗೆಯ ನಂತರ ಸರ್ಕಾರ ಕೈಗೆತ್ತಿಕೊಂಡಿತು. 1868ರಿಂದ 1875ರವರೆಗೆ ಅದು ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳಾಗಿ ಬಂತು. ನಾನೂರಕ್ಕೂ ಹೆಚ್ಚು ಚಿತ್ರಗಳು. ಜೊತೆಗೆ ಈ ಜಾತಿ ನಂಬಿಕಸ್ಥರು, ಆ ಬುಡಕಟ್ಟು ಕಳ್ಳರು ಎಂಬಂಥ ಟಿಪ್ಪಣಿಗಳು. 1869ರಲ್ಲಿ ಲಂಡನ್ನಿಗೆ ಹೋಗಿದ್ದ ಸೈಯದ್ ಅಹ್ಮದ್ ಖಾನ್ ಈ ಪುಸ್ತಕವನ್ನು ಇಂಡಿಯಾ ಆಫೀಸಿನಲ್ಲಿ ಕಂಡರು. ತಮ್ಮ ದೇಶದ ಜನರನ್ನು ಹೀಗೆ ತೋರಿಸಿರುವುದನ್ನು, ಇಂಗ್ಲಿಷ್ ತರುಣರು ಇದನ್ನು ಓದಿಕೊಂಡು ಭಾರತಕ್ಕೆ ಆಳಲು ಬರುವುದನ್ನು ನೆನೆದು ನಾಚಿ ನೊಂದರು. ಚಿತ್ರಕ್ಕೆ ನಿಂತ ಜನರ ಪರವಾಗಿ ಆ ಪುಸ್ತಕದ ಪುಟ ತಿರುವಿ ನೋಡಿದ ಮೊದಲಿಗರಲ್ಲಿ ಅವರೊಬ್ಬರು ಎಂದು ನನಗನ್ನಿಸುತ್ತದೆ.

ಮುಯ್ಯಿಯ ಲೆಕ್ಕದಿಂದ ನೋಡಿದರೆ ಇಲ್ಲಿ ಆದದ್ದು ಸ್ಪಷ್ಟ. ತೆಗೆದವರ ನಡುವೆ ಕೊಡುಕೊಳ್ಳುವಿಕೆ ಇತ್ತು; ತೆಗೆಸಿಕೊಂಡವರಿಗೆ ಏನೂ ಮರಳಲಿಲ್ಲ. ಬೆವರು ಸುರಿಸಿದ ಕೈಗಳ ಲೆಕ್ಕವೂ ಹಾಗೆಯೇ. ಟ್ರೈಪ್ 1855ರಲ್ಲಿ ಸರ್ಕಾರಿ ನಿಯೋಗದೊಡನೆ ಬರ್ಮಾಕ್ಕೆ ಹೋಗಿ ಬಂದ ಮೇಲೆ ಬೆಂಗಳೂರಿನಲ್ಲಿ ಕೂತು ಅಲ್ಲಿನ 120 ಚಿತ್ರಗಳ 50 ಕಟ್ಟುಗಳನ್ನು ಸಿದ್ಧಪಡಿಸಿದ. ಗುಣಿಸಿದರೆ 6000 ಪ್ರತಿಗಳು. ಕಾಗದಕ್ಕೆ ಲೇಪ ಹಚ್ಚಿ, ಬಿಸಿಲಿಗಿಟ್ಟು, ತೊಳೆದು, ಒಣಗಿಸಿ, ಅಂಟಿಸುವ ಇಷ್ಟು ಕೆಲಸ ಒಬ್ಬನದಾಗಿರಲು ಸಾಧ್ಯವಿಲ್ಲ. ಅವನ ಸಹಾಯಕರಲ್ಲಿ ನಮಗೆ ಹೆಸರು ಉಳಿದಿರುವುದು ಅಯ್ಯಾಸ್ವಾಮಿ ಎಂಬವರದು. ಅದಾದರೂ ಉಳಿದದ್ದು, ಅವರು ಮುಂದೆ ಮದ್ರಾಸಿನ ಕಲಾಶಾಲೆಯ ಛಾಯಾಗ್ರಾಹಕರಾಗಿ ತಾವೇ ಚಿತ್ರ ತೆಗೆದದ್ದರಿಂದ. ಟ್ರೈಪ್‌ಗೂ ಸರ್ಕಾರದ ನೆರಳು ಬಹಳ ಕಾಲ ಸಿಗಲಿಲ್ಲ. ಮದ್ರಾಸಿಗೆ ಹೊಸ ಗವರ್ನರ್ ಆಗಿ ಬಂದ ಚಾರ್ಲ್ಸ್ ಟ್ರೆವೆಲ್ಯನ್ ಇದೆಲ್ಲ ದುಂದುವೆಚ್ಚ ಎಂದು ಅವನ ವಿಭಾಗವನ್ನೇ ಮುಚ್ಚಿಸಿದ.

ಇದು ಬ್ರಿಟಿಷರ ಕಾಲಕ್ಕೇ ಮುಗಿದ ಕತೆಯೆಂದು ನಾನು ಭಾವಿಸಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಬೆಂಗಳೂರು ಹವ್ಯಾಸಿ ಛಾಯಾಗ್ರಹಣದ ದೊಡ್ಡ ನೆಲೆಯಾಯಿತು. ಸಿ. ರಾಜಗೋಪಾಲ್, ಓ.ಸಿ. ಎಡ್ವರ್ಡ್ಸ್, ಎಡ್ವರ್ಡ್ಸ್ ಅವರ ಗರಡಿಯಲ್ಲಿ ಪಳಗಿ ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾದ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ — ಇವರೆಲ್ಲ ಆ ಪರಂಪರೆಯವರು. 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇಂದಿಗೂ ಇದೆ. ಇಲ್ಲಿನ ಹವ್ಯಾಸಿಗಳ ಪ್ರಿಂಟುಗಳು ಅಂಚೆಯಲ್ಲಿ ದೇಶವಿದೇಶಗಳ ಸಲೂನ್‌ಗಳಿಗೆ, ಎಂದರೆ ಪ್ರದರ್ಶನ-ಸ್ಪರ್ಧೆಗಳಿಗೆ ಹೋಗಿ ಬರುತ್ತಿದ್ದವು. ಒಬ್ಬರು ಇನ್ನೊಬ್ಬರ ಚಿತ್ರ ನೋಡಿ, ಟೀಕಿಸಿ, ತಿದ್ದುವ ಹಳೆಯ ಮುಯ್ಯಿ ಇಲ್ಲೂ ನಡೆಯಿತು. ಮಕ್ಕಳಿಗೆ ಪಾಠ ಹೇಳುವಂತೆ ಡಾರ್ಕ್‌ರೂಮಿನಲ್ಲಿ ಪಕ್ಕ ನಿಂತು ಕಲಿಸಿದವರ ನೆನಪುಗಳನ್ನು ಹಿರಿಯರಿಂದ ನಾನು ಬೇಕಾದಷ್ಟು ಕೇಳಿದ್ದೇನೆ.

ಸಂಶೋಧನೆಯ ಭಾಗವಾಗಿ ಅಂಥ ಹಿರಿಯರ ಮನೆಗಳಲ್ಲಿ ನೋಡಿದ ಸಲೂನ್ ಪ್ರಿಂಟುಗಳನ್ನು ನಾನು ಯಾವಾಗಲೂ ಮಗುಚಿ ನೋಡುತ್ತೇನೆ. ಬೆನ್ನ ತುಂಬ ಬಣ್ಣಬಣ್ಣದ ಚೀಟಿಗಳು. ಚಿತ್ರ ಯಾವ ಯಾವ ದೇಶದ ಗೋಡೆಯ ಮೇಲೆ ತೂಗಿತ್ತು ಎಂಬುದಕ್ಕೆ ಸಾಕ್ಷಿ. ತೆಗೆದವರ ಹೆಸರು, ವಿಳಾಸ, ಶೀರ್ಷಿಕೆ. ‘ವೃದ್ಧಾಪ್ಯ’, ‘ಹೊಲದಿಂದ ಮನೆಗೆ’, ‘ತಾಯ್ತನ’. ಮುಖದ ಸುಕ್ಕುಗಳೆಲ್ಲ ಎಣಿಸುವಷ್ಟು ಸ್ಪಷ್ಟ. ಆದರೆ ಅದು ಯಾರ ಮುಖ, ಯಾವ ಊರು ಎಂದು ಬರೆದದ್ದು ತೀರ ಅಪರೂಪ. ಪ್ರೀತಿಯಿಂದ, ಕರುಣೆಯಿಂದ ತೆಗೆದ ಚಿತ್ರಗಳಿವು. ಸರ್ಕಾರಿ ಸಂಪುಟದ ಕುತ್ಸಿತ ಟಿಪ್ಪಣಿಗಳಿಗೂ ಇವಕ್ಕೂ ಹೋಲಿಕೆ ಸಲ್ಲದು. ಆದರೂ ಬೆನ್ನಿನ ಬರಹದಲ್ಲಿ ಬಿಟ್ಟುಹೋದ ಸಾಲು ಒಂದೇ.

ಈಗ ವಾರಕ್ಕೊಂದು ಚಿತ್ರ ತೆಗೆದು ಗೆಳೆಯರಿಗೆ ಕಳಿಸುವುದು ಮೊಬೈಲು ಇರುವ ಯಾರಿಗಾದರೂ ಸಾಧ್ಯ. ನನ್ನ ಗೆಳೆಯರ ಗುಂಪಿನಲ್ಲೂ ಪ್ರತಿ ಭಾನುವಾರ ಹೀಗೆ ನಡೆಯುತ್ತದೆ. ಒಬ್ಬರು ಸಂತೆಯ ಮುದುಕಿಯ ಚಿತ್ರ ಹಾಕುತ್ತಾರೆ, ಇನ್ನೊಬ್ಬರು ಬೆಳಕಿನ ಬಗ್ಗೆ ಮಾತಾಡುತ್ತಾರೆ, ಮತ್ತೊಬ್ಬರು ಚೌಕಟ್ಟು ಬಿಗಿಯಾಗಬೇಕಿತ್ತು ಎನ್ನುತ್ತಾರೆ. 1861ರ ಕಾರ್ಡಿನ ಬೆನ್ನಿನ ಚೀಟಿಯಲ್ಲಿದ್ದ ವಿವರಗಳನ್ನು ಇಂದು ಕ್ಯಾಮೆರಾ ತಾನೇ ಚಿತ್ರದೊಳಗೆ ಬರೆದಿಡುತ್ತದೆ: ಎಷ್ಟು ಹೊತ್ತಿನ ಬೆಳಕು, ಯಾವ ಲೆನ್ಸು, ಯಾವ ದಿನ. ಅದು ಬರೆಯಲಾಗದ ಒಂದು ವಿವರ ಮಾತ್ರ ನಾವು ಕೇಳಿಯೇ ತಿಳಿಯಬೇಕಾದದ್ದು.

ಕಳೆದ ಕೆಲವು ತಿಂಗಳಿಂದ ನಮ್ಮ ಗುಂಪಿನಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಮನುಷ್ಯರ ಚಿತ್ರ ಹಾಕುವವರು ಅವರನ್ನು ಕೇಳಿಯೇ ಹಾಕಬೇಕು. ಒಪ್ಪಿದರೆ ಹೆಸರು ಬರೆಯಬೇಕು. ಮುಂದಿನ ಸಲ ಆ ಕಡೆ ಹೋದಾಗ ಒಂದು ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಡಬೇಕು. ಇದರಿಂದ ಗುಂಪಿನಲ್ಲಿ ಮನುಷ್ಯರ ಚಿತ್ರಗಳು ಕಡಿಮೆಯಾಗಿವೆ, ಮರ-ಮೋಡಗಳ ಚಿತ್ರಗಳು ಹೆಚ್ಚಾಗಿವೆ ಎಂದು ಕೆಲವರು ಗೊಣಗುತ್ತಾರೆ. ಇರಬಹುದು. ಹೆಸರಿನೊಡನೆ ಬಂದ ಕೆಲವೇ ಚಿತ್ರಗಳನ್ನು ನಾನು ಬೇರೆ ಕಡತದಲ್ಲಿ ಜೋಡಿಸಿಡುತ್ತಿದ್ದೇನೆ. ನೂರು ವರ್ಷದ ನಂತರ ಯಾರಾದರೂ ಸಂಶೋಧಕಿ ಅವುಗಳನ್ನು ಮಗುಚಿ ನೋಡಿದರೆ, ಬೆನ್ನ ಮೇಲೆ ಇಬ್ಬರ ಹೆಸರೂ ಸಿಗಲಿ.