ನಮ್ಮ ಅಂಗಳದ ಕಾರ್ಖಾನೆ

ಅಣ್ಣನ ಮಗ ಬೆಂಗಳೂರಿನಲ್ಲಿ ಇಂಜಿನಿಯರು. ಹೋದ ದೀಪಾವಳಿಗೆ ಕೊಪ್ಪದ ಹತ್ತಿರದ ನನ್ನ ತವರಿಗೆ ಬಂದಿದ್ದವನು ಕಾಫಿ ಕುಡಿಯುತ್ತಾ, “ಅತ್ತೆ, ಇನ್ನು ಕಾರ್ಖಾನೆಗಳೂ ಮಕ್ಕಳ ಜೋಡಣೆ ಆಟಿಕೆಯ ಹಾಗೆ. ಬೇಕಾದ ಯಂತ್ರ ಸೇರಿಸಬಹುದು, ಬೇಡವಾದ್ದನ್ನು ಕಳಚಬಹುದು. ಒಂದು ಯಂತ್ರದ ಸುದ್ದಿ ಇನ್ನೊಂದಕ್ಕೆ ತಾನೇ ಮುಟ್ಟುತ್ತದೆ” ಎಂದ. ಜರ್ಮನಿಯವರು 2011ರ ಹ್ಯಾನೋವರ್ ಮೇಳದಲ್ಲಿ ಇದಕ್ಕೆ ‘ಇಂಡಸ್ಟ್ರಿ 4.0’ ಎಂದು ಹೆಸರಿಟ್ಟರಂತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇಂಥ ಪ್ರಯೋಗ ನಡೆದಿದೆ.

ಇತಿಹಾಸದ ಪಾಠ ಮಾಡುವವಳಿಗೆ ಹೆನ್ರಿ ಫೋರ್ಡ್ ನೆನಪಾಗದೆ ಇರುತ್ತಾನೆಯೇ? 1913ರಲ್ಲಿ ಚಲಿಸುವ ಜೋಡಣೆ ಸಾಲು ಹಾಕಿ ಜಗತ್ತನ್ನು ಬೆರಗುಗೊಳಿಸಿದವನು, 1927ರಲ್ಲಿ ಕಾರಿನ ಮಾದರಿ ಬದಲಿಸಲು ಸುಮಾರು ಆರು ತಿಂಗಳು ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು. ಎಲ್ಲವನ್ನೂ ಒಂದೇ ಕಾರಿಗೆಂದು ಬಿಗಿದು ಕಟ್ಟಿದ್ದನಲ್ಲ!

ಬಿಚ್ಚಿ ಕಟ್ಟುವ ಕಾರ್ಖಾನೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹೆಂಗಸರಿಗೆ ಹೊಸದಲ್ಲ. ಅಡಿಕೆ ಕೊಯ್ಲು ಬಂತೆಂದರೆ ಅಂಗಳದಲ್ಲಿ ಕಂಬ ನೆಟ್ಟು, ದಬ್ಬೆ ಹಾಸಿ ಚಪ್ಪರ ಏಳುತ್ತಿತ್ತು. ಮೂಲೆಯ ಒಲೆಯ ಮೇಲೆ ತಾಮ್ರದ ಹಂಡೆ, ಜಗಲಿಯಲ್ಲಿ ಮೆಟ್ಟುಗತ್ತಿಗಳ ಸಾಲು. ಕೊನೆ ಹೆಚ್ಚು ಬಂದ ದಿನ ಇನ್ನೆರಡು ಕತ್ತಿ. ಎಳೆಯದು ಹಸ, ಬೆಟ್ಟೆ; ಬಲಿತದ್ದು ರಾಶಿ; ತೀರ ಬಲಿತರೆ ಗೊರಬಲು. ಹಂಡೆ ಅದೇ, ಬೇಯಿಸುವ ಹದ ಬೇರೆ. ಕೊಯ್ಲು ಮುಗಿದರೆ ಅದೇ ಅಂಗಳದಲ್ಲಿ ಮದುವೆ!

ಸುದ್ದಿ ಮುಟ್ಟಿಸುವ ಕೆಲಸ ಅಮ್ಮನದು. ಸುಲಿಯುವವರ ಕೈ ನಿಧಾನವಾಯಿತೋ, ಒಲೆಯ ಉರಿ ತಗ್ಗಿಸಲು ಹೇಳುವಳು. ಮೋಡ ಕವಿಯಿತೋ, ನಾಳೆ ಕೊನೆ ತೆಗೆಸುವುದು ಬೇಡವೆಂದು ತೋಟಕ್ಕೆ ಹೇಳಿಕಳಿಸುವಳು. ಚೊಗರಿನ ಹದ ಕೆಟ್ಟು ಬಣ್ಣ ಹೋದರೆ ದರ ಬಿತ್ತೆಂದೇ ಲೆಕ್ಕ. 1939ರಲ್ಲಿ ಶಿವಮೊಗ್ಗದಲ್ಲಿ ಬೆಳೆಗಾರರ ಸಹಕಾರ ಸಂಘ ಮಾಮ್‌ಕೋಸ್ ಹುಟ್ಟಿದ್ದರಿಂದ ಮಾರಾಟಕ್ಕೊಂದು ಆಸರೆಯಾಯಿತು. ಆದರೆ ಹದ ಕಾಯಬೇಕಾದವರು ಮನೆಯವರೇ.

ಅಮ್ಮನ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಸುಲಿದ ಡಬ್ಬದ ಲೆಕ್ಕ ಇರುತ್ತಿತ್ತು. ಮನೆಗೆಲಸ ಮುಗಿಸಿ ಬಂದು, ಕೂಸನ್ನು ಪಕ್ಕದಲ್ಲಿ ಮಲಗಿಸಿ ನಡುರಾತ್ರಿಯವರೆಗೆ ಸುಲಿಯುತ್ತಿದ್ದರು. ನನ್ನ ಸಹಪಾಠಿಯೊಬ್ಬಳ ಪುಸ್ತಕ, ಲಂಗ ಎಲ್ಲ ಅವಳಮ್ಮನ ಡಬ್ಬದ ದುಡ್ಡಿನಿಂದಲೇ ಬರುತ್ತಿದ್ದವು. ಅವರ ಕೈ ಮಾತ್ರ ಕಪ್ಪು ಹಿಡಿದು ಬಿರಿದಿರುತ್ತಿತ್ತು. ಆ ಕಷ್ಟವನ್ನು ನಾನು ಚೆಂದ ಮಾಡಿ ಹೇಳಲಾರೆ.

2000ದ ನಂತರ ನಮ್ಮ ಕಡೆ ಸುಲಿಯುವ ಯಂತ್ರಗಳು ಬಂದವು. ಈಗ ಬಾಡಿಗೆ ಯಂತ್ರ ಗಾಡಿಯಲ್ಲಿ ಬರುತ್ತದೆ, ಇವತ್ತು ನಮ್ಮ ಅಂಗಳ, ನಾಳೆ ಶೃಂಗೇರಿ ಕಡೆಯದು. ಸುಲಿಯದೆ ಉಳಿದದ್ದನ್ನು ಆರಿಸಲು ಮೂರ್ನಾಲ್ಕು ಹೆಂಗಸರು ಕೂತರೆ ಸಾಕು. ಅಣ್ಣನಿಗೆ ಹಾಯೆನಿಸಿದೆ, ಸುಲಿಯಲು ಜನ ಸಿಗದೆ ಅವನು ಪಟ್ಟ ಪಾಡು ನನಗೂ ಗೊತ್ತು. ಆದರೆ ಆ ಡಬ್ಬದ ದುಡ್ಡು ಹೆಂಗಸರ ಕೈಗೇ ಬರುತ್ತಿತ್ತು.

ಹುಡುಗನಿಗೆ ಅಮ್ಮನ ಹಳೆಯ ನೋಟ್‌ಬುಕ್ ತೋರಿಸಿದೆ. ಒಂದೇ ಪುಟದಲ್ಲಿ ಹದಿನೆಂಟು ಹೆಸರು. “ಇವರೆಲ್ಲ ಯಾರು ಅತ್ತೆ?” ಎಂದ. ಹದಿಮೂರು ಜನರ ಮುಖ ನೆನಪಾಯಿತು. ಉಳಿದ ಐವರನ್ನು ಅತ್ತಿಗೆಯ ಹತ್ತಿರ ಕೇಳಬೇಕು.