ಬ್ಯಾಂಟಿಂಗ್ ಸಾಹೇಬರ ತೂಕದ ಪಟ್ಟಿ



ಹಿಂದೆ ದಾದರಿನಲ್ಲೋ ಚೆನ್ನೈ ಸೆಂಟ್ರಲ್‌ನಲ್ಲೋ ರೈಲಿಗೆ ಕಾಯುತ್ತ, ಬಣ್ಣದ ದೀಪ ಮಿನುಗುವ ತೂಕದ ಯಂತ್ರಕ್ಕೆ ನಾಣ್ಯ ಹಾಕಿದ್ದು ನಿಮಗೆ ನೆನಪಿರಬಹುದು. ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ ಅಚ್ಚಾದ ರಟ್ಟಿನ ಚೀಟಿ ಟಕ್ ಎಂದು ಬೀಳುತ್ತಿತ್ತು. ಭವಿಷ್ಯ ನಿಜವಾಗಲಿ, ತೂಕ ಸುಳ್ಳಾಗಲಿ ಎಂದು ಹಾರೈಸಿದವರೇ ಹೆಚ್ಚು! ಈಗ ಆ ಯಂತ್ರ ನಮ್ಮ ಮಂಚದ ಕೆಳಗೇ ಬಂದು ಕೂತಿದೆ. ದಿನಾ ಬೆಳಿಗ್ಗೆ ಅದರ ಮೇಲೆ ಹತ್ತುವುದು, ಅಂಕಿ ಕದಲಿಲ್ಲವೆಂದು ಮುಖ ಸಪ್ಪೆ ಮಾಡಿಕೊಳ್ಳುವುದು. "ತಿಂಗಳಿಂದ ಅನ್ನ ಕಡಿಮೆ ಮಾಡಿದ್ದೇನೆ, ಇಳಿದದ್ದು ಒಂದೇ ಕಿಲೋ" ಎಂದು ಬೇಸರಪಟ್ಟು ಎಲ್ಲ ಬಿಟ್ಟುಬಿಡುವ ಯೋಚನೆಯಲ್ಲಿದ್ದೀರಾ? ಹಾಗಿದ್ದರೆ ಈ ಹಳೆಯ ಕಥೆ ನಿಮಗಾಗಿಯೇ.

ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಅಂತ್ಯಕ್ರಿಯೆಗಳ ಏರ್ಪಾಡು ಮಾಡುವ ಕಸುಬಿನವರು. ಅರಮನೆಯ ಕೆಲಸವೂ ಅವರ ಮನೆತನದ್ದೇ. ಎತ್ತರ 5 ಅಡಿ 5 ಅಂಗುಲ. 1862ರ ಆಗಸ್ಟ್‌ನಲ್ಲಿ, 65 ದಾಟಿದ ವಯಸ್ಸಿನಲ್ಲಿ, ತೂಕ 202 ಪೌಂಡು, ಅಂದರೆ ಸುಮಾರು 92 ಕಿಲೋ. ಬಗ್ಗಿ ಶೂ ದಾರ ಕಟ್ಟಲಾಗದು. ಮಂಡಿಗೆ ಭಾರ ಬೀಳದಿರಲೆಂದು ಮೆಟ್ಟಿಲನ್ನು ಹಿಂದುಹಿಂದಾಗಿ ಇಳಿಯುತ್ತಿದ್ದರು.

ಪಾಪ, ಅವರೇನೂ ಸುಮ್ಮನೆ ಕೂತಿರಲಿಲ್ಲ. ಯಾರೋ ಹೇಳಿದರೆಂದು ಬೆಳಿಗ್ಗೆ ಬೆಳಿಗ್ಗೆ ದೋಣಿ ಹುಟ್ಟು ಹಾಕಿದರು. ಮೈ ಗಟ್ಟಿಯಾಯಿತು, ಜೊತೆಗೆ ಹಸಿವೂ ಹೆಚ್ಚಿತು. ತಿಂದು ತಿಂದು ತೂಕ ಇನ್ನಷ್ಟು ಏರಿತು! ಸಮುದ್ರದ ಗಾಳಿ, ಕುದುರೆ ಸವಾರಿ, ಉಗಿಸ್ನಾನ, ಔಷಧದ ನೀರು ಎಲ್ಲವೂ ಆಯಿತು. ಕೊನೆಗೆ ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವಿ ಎಂಬ ಕಿವಿಯ ವೈದ್ಯರ ಬಳಿ ಹೋದಾಗ, ಅವರು ಕಿವಿಗಿಂತ ಹೊಟ್ಟೆಯ ಮೇಲೆ ಕಣ್ಣಿಟ್ಟರು. ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಆದಷ್ಟೂ ಬಿಡಿ ಎಂದರು.

ಮರುವರ್ಷ, 1863ರಲ್ಲಿ, ಬ್ಯಾಂಟಿಂಗ್ ತಮ್ಮ ಅನುಭವ ಬರೆದು ಸಣ್ಣ ಪುಸ್ತಿಕೆಯಾಗಿ ಅಚ್ಚು ಹಾಕಿಸಿ, ಮೊದಲು ಪುಕ್ಕಟೆಯಾಗಿ ಹಂಚಿದರು. ಹೆಸರು 'ಲೆಟರ್ ಆನ್ ಕಾರ್ಪುಲೆನ್ಸ್'. ಜನ ಮುಗಿಬಿದ್ದರು. ಪಥ್ಯ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಅವರ ಹೆಸರೇ ಕ್ರಿಯಾಪದವಾಯಿತು. ಸ್ವೀಡನ್ನಿನವರು ಇಂದಿಗೂ ಡಯಟ್ ಮಾಡುವುದಕ್ಕೆ 'ಬಾಂಟಾ' ಎನ್ನುತ್ತಾರೆ.

ಎಲ್ಲರೂ ಅವರ ಊಟದ ಪಟ್ಟಿ ಓದಿದರು. ನೀವು ಓದಬೇಕಾದದ್ದು ಅದೇ ಪುಸ್ತಿಕೆಯ ತೂಕದ ಪಟ್ಟಿ. ಸುಮಾರು ಮೂರು ವಾರಕ್ಕೊಮ್ಮೆ ತೂಗಿ ಬರೆದದ್ದು ಅದು. ಸೆಪ್ಟೆಂಬರ್ 7ಕ್ಕೆ 200. ಡಿಸೆಂಬರ್ 24ಕ್ಕೆ 184. ಆಮೇಲೆ ಜನವರಿ 14ಕ್ಕೆ 182, ಫೆಬ್ರವರಿ 4ಕ್ಕೆ 180, 25ಕ್ಕೆ 178, ಮಾರ್ಚ್ 18ಕ್ಕೆ 176. ಮೂರು ವಾರದ ಪಥ್ಯಕ್ಕೆ ಬರೀ ಎರಡು ಪೌಂಡು, ಒಂದು ಕಿಲೋ ಕೂಡ ಇಲ್ಲ! ಆ ಚಳಿಗಾಲದಲ್ಲಿ ಸಾಹೇಬರು ಬೇಸತ್ತು ಬಿಟ್ಟಿದ್ದರೆ ಇವತ್ತು ಅವರ ಹೆಸರು ಯಾರಿಗೆ ಗೊತ್ತಿರುತ್ತಿತ್ತು? ಬಿಡಲಿಲ್ಲ. 1863ರ ಸೆಪ್ಟೆಂಬರ್ ಹೊತ್ತಿಗೆ 156 ಪೌಂಡು. ವರ್ಷದಲ್ಲಿ ಇಳಿದದ್ದು 46 ಪೌಂಡು, ಹತ್ತಿರಹತ್ತಿರ 21 ಕಿಲೋ. ಸೊಂಟದ ಸುತ್ತಳತೆಯಲ್ಲಿ 12 ಅಂಗುಲಕ್ಕೂ ಹೆಚ್ಚು ಮಾಯ. ಮೆಟ್ಟಿಲನ್ನು ಎಲ್ಲರಂತೆ ಮುಖ ಮುಂದೆ ಮಾಡಿ ಇಳಿಯತೊಡಗಿದರು. 1878ರಲ್ಲಿ ತೀರಿಕೊಂಡಾಗ ಅವರಿಗೆ 81 ವರ್ಷ.

ಹಾಗೆಂದು ಅವರ ಊಟವನ್ನು ನಕಲು ಮಾಡಬೇಡಿ. ದಿನಕ್ಕೆ ನಾಲ್ಕು ಹೊತ್ತು ಊಟ, ಮಾಂಸ, ಮದ್ಯ ಎಲ್ಲ ಇದ್ದ ಪಥ್ಯ ಅದು. ನಿಮಗೆ ಹೊಂದುವ ಊಟವನ್ನು ನಿಮ್ಮ ವೈದ್ಯರೇ ಹೇಳಬೇಕು. ನಕಲು ಮಾಡಬೇಕಾದದ್ದು ಅವರು ಪಟ್ಟಿ ಬರೆದ ರೀತಿಯನ್ನು. ಉಪ್ಪು, ನೀರಿನ ಲೆಕ್ಕಕ್ಕೇ ದಿನದಿಂದ ದಿನಕ್ಕೆ ತೂಕ ಒಂದು ಕಿಲೋ ಆಚೀಚೆ ಆಗುತ್ತದೆ. ದಿನಾ ನೋಡಿದರೆ ಕಾಣುವುದು ಆ ಓಲಾಟ, ಮೂರು ವಾರಕ್ಕೊಮ್ಮೆ ನೋಡಿದರೆ ಕಾಣುವುದು ದಾರಿ.

ಇನ್ನೊಂದು ಮಾತು. ಮೈ ಹಗುರಾದಂತೆ ಅದಕ್ಕೆ ಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ. ಆದ್ದರಿಂದ ಅದೇ ಪಥ್ಯದಲ್ಲೂ ಇಳಿಕೆ ನಿಧಾನವಾಗುವುದು ಸಹಜ. ಅಮೆರಿಕದ ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ. ಊಟದಲ್ಲಿ ಮಾಡಿದ ಸಣ್ಣ ಬದಲಾವಣೆಯ ಅರ್ಧ ಫಲ ಕೈಗೆ ಸಿಗಲು ಸುಮಾರು ಒಂದು ವರ್ಷ, ಹೆಚ್ಚುಕಡಿಮೆ ಪೂರ್ತಿ ಸಿಗಲು ಮೂರು ವರ್ಷ ಬೇಕು. ನಿಮ್ಮ ತಿಂಗಳ ಒಂದು ಕಿಲೋ ಸೋಲೇನಲ್ಲ. ಬ್ಯಾಂಟಿಂಗ್ ಸಾಹೇಬರ ಫೆಬ್ರವರಿಯೂ ಹೆಚ್ಚುಕಡಿಮೆ ಹಾಗೇ ಇತ್ತು.

ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೇವಲ್ಲ, ಹಳ್ಳ ಇಂಗುವುದೂ ಹನಿ ಹನಿಯಾಗಿಯೇ. ಇವತ್ತು ಒಂದು ಹಾಳೆ ತೆಗೆದು ತಾರೀಖು, ತೂಕ ಬರೆದಿಡಿ. ಮೂರು ವಾರ ಬಿಟ್ಟು ಎರಡನೇ ಸಾಲು ಬರೆಯಿರಿ. ನಡುವೆ ಯಂತ್ರ ಮಂಚದ ಕೆಳಗೇ ಇರಲಿ, ರೇಡಿಯೋ ಮಾತ್ರ ಆನ್ ಆಗಿರಲಿ!