ಕೊಪ್ಪರಿಗೆಯಿಂದ ಹಬೆಯ ಪಾತ್ರೆಯವರೆಗೆ: ದೊಡ್ಡ ಅಡುಗೆಯ ಪಾತ್ರೆಗಳ ಚರಿತ್ರೆ



ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆಯಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ನಾನು ಮೊದಲು ಒಪ್ಪಲಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಸೀದಾ ಅಡಿಕೆ ತೋಟಕ್ಕೆ ಇಳಿದವನು ನಾನು. ಚರಿತ್ರೆ ಬರೆಯುವಷ್ಟು ವಿದ್ಯೆ ನನಗೆಲ್ಲಿಂದ? ಸಾಲ, ಠೇವಣಿ, ಲಾಭಾಂಶದ ವಿಷಯವನ್ನು ಅಧ್ಯಕ್ಷರು ಮತ್ತು ಕಾರ್ಯದರ್ಶಿಯವರು ಹೇಗೂ ಬರೆಯುತ್ತಾರೆ. ಆದರೆ ಆಡಳಿತ ಮಂಡಳಿಯವರು ನನಗೆ ವಹಿಸಿದ ಒಂದು ಕೆಲಸ ಉಂಟಲ್ಲ, ಗೋದಾಮಿನ ಹಿಂದಿನ ಪಾತ್ರೆ ಕೋಣೆ, ಅದರ ವಿಷಯ ಯಾರೂ ಬರೆಯುವುದಿಲ್ಲ. ಮದುವೆ, ಗೃಹಪ್ರವೇಶ, ಭೂತದ ನೇಮ, ಬ್ರಹ್ಮಕಲಶ ಎಂದು ಊರಿನ ಎಷ್ಟು ಜನರ ಊಟ ಆ ಪಾತ್ರೆಗಳಲ್ಲಿ ಬೆಂದಿದೆಯೋ ಲೆಕ್ಕವಿಲ್ಲ. ಹಾಗಾಗಿ ಪಾತ್ರೆಯ ಚರಿತ್ರೆಯನ್ನೇ ಬರೆಯುವ ಅಂತ ಕೂತೆ. ಇದರಲ್ಲಿ ನಮ್ಮದೊಂದು ತಪ್ಪಿನ ಕಥೆಯೂ ಬರುತ್ತದೆ. ಬೆಳ್ಳಿಹಬ್ಬದ ಪುಸ್ತಕದಲ್ಲಿ ತಪ್ಪು ಬರೆಯುವುದೇ ಎಂದು ಕೆಲವರು ಹೇಳಿಯಾರು. ಆದರೆ ಅದನ್ನು ಬಿಟ್ಟರೆ ಬರೆದು ಪ್ರಯೋಜನ ಇಲ್ಲ.

ನಮ್ಮ ನೆರೆಯ ದೊಡ್ಡ ಅಡುಗೆಮನೆ

ದೊಡ್ಡ ಅಡುಗೆ ಎಂದರೆ ಏನು ಎಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಶ್ರೀ ಕ್ಷೇತ್ರ ಧರ್ಮಸ್ಥಳ ನಮ್ಮ ತಾಲೂಕಿನಲ್ಲೇ ಇದೆ. ಹಿಂದೆ ಆ ಊರಿಗೆ ಕುಡುಮ ಎಂದು ಹೆಸರು. ಕ್ಷೇತ್ರದ ಐತಿಹ್ಯವೇ ಊಟೋಪಚಾರದಿಂದ ಶುರುವಾಗುತ್ತದೆ. ನೆಲ್ಯಾಡಿ ಬೀಡಿನ ಬೀರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿ ದಂಪತಿಗಳು, ಮನುಷ್ಯ ರೂಪದಲ್ಲಿ ಬಂದ ಧರ್ಮದೈವಗಳನ್ನು ಯಾರೆಂದು ತಿಳಿಯದೆಯೇ ಸತ್ಕರಿಸಿದರು ಎಂದು ಹಿರಿಯರು ಹೇಳುತ್ತಾರೆ. 16ನೇ ಶತಮಾನದಲ್ಲಿ ವಾದಿರಾಜ ಸ್ವಾಮಿಗಳು ಬಂದ ಮೇಲೆ ಊರಿಗೆ ಧರ್ಮಸ್ಥಳ ಎಂಬ ಹೆಸರಾಯಿತು. ಅನ್ನ, ಔಷಧ, ವಿದ್ಯೆ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಅಲ್ಲಿ ಅನ್ನಕ್ಕೇ ಮೊದಲ ಸ್ಥಾನ.

ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1968ರಲ್ಲಿ ಧರ್ಮಾಧಿಕಾರಿಗಳಾದ ನಂತರ ಯಾತ್ರಿಕರ ಸಂಖ್ಯೆ ಬಹಳ ಏರಿತು. ಇಂದು ಅನ್ನಪೂರ್ಣ ಛತ್ರದಲ್ಲಿ ಸಾಧಾರಣ ದಿನವೂ ಹತ್ತು ಸಾವಿರಕ್ಕೆ ಕಡಿಮೆ ಇಲ್ಲದಷ್ಟು ಜನ ಉಣ್ಣುತ್ತಾರೆ. ಕಾರ್ತಿಕದ ಲಕ್ಷದೀಪೋತ್ಸವದಂದು ಅದು ಎಷ್ಟೋ ಪಟ್ಟು ಆಗ್ತದೆ. ನ್ಯಾಷನಲ್ ಜಿಯೋಗ್ರಫಿಕ್ ಟಿವಿಯವರು ಭಾರತದ ದೊಡ್ಡ ಅಡುಗೆಮನೆಗಳ ಸರಣಿಯಲ್ಲಿ ಇದನ್ನೂ ತೋರಿಸಿದ್ದಾರೆ.

ನಮ್ಮ ಮನೆಯ ಪಾತ್ರೆಗೆ ಮಧ್ಯಾಹ್ನದ ನಂತರ ವಿಶ್ರಾಂತಿ ಉಂಟು. ಸಂಘದ ಪಾತ್ರೆಗೆ ಮಳೆಗಾಲ ಪೂರ್ತಿ ವಿಶ್ರಾಂತಿ. ಆದರೆ ಛತ್ರದ ಪಾತ್ರೆ, ಹೋಟೆಲಿನ ಪಾತ್ರೆ ವರ್ಷವಿಡೀ ಬೆಂಕಿಯ ಮೇಲೆಯೇ ಇರುತ್ತದೆ. ಅಲ್ಲಿ ಪಾತ್ರೆ ಕೆಟ್ಟರೆ ಅಡುಗೆ ನಿಲ್ಲುತ್ತದೆ. ಅದಕ್ಕೇ ದೊಡ್ಡ ಅಡುಗೆಯವರು ಎಲ್ಲ ಕಾಲದಲ್ಲೂ ಪಾತ್ರೆಯ ಬಗ್ಗೆ ನಮಗಿಂತ ಹೆಚ್ಚು ಯೋಚನೆ ಮಾಡಿದ್ದಾರೆ.

ತಾಮ್ರದ ಕಾಲ

ಮೊದಲು ಮನೆಗಳಲ್ಲಿ ಗಂಜಿ, ಸಾರು ಎಲ್ಲಾ ಮಣ್ಣಿನ ಪಾತ್ರೆಯಲ್ಲೇ. ಆದರೆ ಸಾವಿರ ಜನರ ಅನ್ನಕ್ಕೆ ಮಣ್ಣು ತಾಳುವುದಿಲ್ಲ. ಅಷ್ಟು ದೊಡ್ಡ ಮಡಕೆಯನ್ನು ತುಂಬಿಸಿ ಎತ್ತಿದರೆ ಒಡೆದೇ ಹೋಗುತ್ತದೆ. ಹಾಗಾಗಿ ದೇವಸ್ಥಾನ, ಮಠ, ಗುತ್ತಿನ ಮನೆಗಳಲ್ಲಿ ತಾಮ್ರದ ಕೊಪ್ಪರಿಗೆ, ಕಂಚಿನ ಉರುಳಿ, ಹಿತ್ತಾಳೆಯ ಹಂಡೆ ಬಂದವು. ಕಂಚು ಎಂದರೆ ತಾಮ್ರಕ್ಕೆ ತವರ ಬೆರೆಸಿದ್ದು, ಹಿತ್ತಾಳೆ ಎಂದರೆ ತಾಮ್ರಕ್ಕೆ ಸತು ಬೆರೆಸಿದ್ದು.

ತಾಮ್ರಕ್ಕೆ ಯಾಕೆ ಅಷ್ಟು ಮರ್ಯಾದೆ ಎಂದರೆ, ಅದು ಶಾಖವನ್ನು ಬೇಗ ಎಲ್ಲ ಕಡೆಗೆ ಹರಡುತ್ತದೆ. ಸ್ಟೈನ್‌ಲೆಸ್ ಸ್ಟೀಲಿಗೆ ಹೋಲಿಸಿದರೆ ಸುಮಾರು 25 ಪಟ್ಟು ಹೆಚ್ಚು. ಕೆಳಗೆ ಸೌದೆ ಒಂದು ಬದಿಯಲ್ಲಿ ಜೋರಾಗಿ ಉರಿದರೂ ಪಾತ್ರೆಯ ತಳ ಪೂರ್ತಿ ಒಂದೇ ಹದದಲ್ಲಿ ಕಾಯುತ್ತದೆ, ಪಾಯಸ ತಳ ಹಿಡಿಯುವುದು ಕಡಿಮೆ. ಜಜ್ಜಿ ಹೋದರೆ ಬಡಿದು ಸರಿ ಮಾಡಬಹುದು, ತೂತಾದರೆ ಬೆಸುಗೆ ಹಾಕಬಹುದು. ತೀರಾ ಹಳತಾದರೂ ಲೋಹದ ಬೆಲೆ ಕೈಗೆ ಬರುತ್ತದೆ. ಅಜ್ಜ ತಂದ ಕೊಪ್ಪರಿಗೆ ಮೊಮ್ಮಗನ ಮದುವೆಗೂ ಬಂತು ಎನ್ನುವುದು ಬಾಯಿಮಾತಲ್ಲ.

ಆದರೆ ಒಂದು ತೊಂದರೆ ಇತ್ತು. ಹುಳಿ ತಾಗಿದರೆ ತಾಮ್ರ ಕಿಲುಬುಗಟ್ಟುತ್ತದೆ. ನಮ್ಮ ಊರಿನ ಅಡುಗೆ ಎಂದರೆ ಹುಣಸೆ, ಮಜ್ಜಿಗೆ, ಅಂಬಟೆ, ಪುನರ್ಪುಳಿ, ಹುಳಿ ಇಲ್ಲದೆ ಒಂದೂ ಇಲ್ಲ. ಕಿಲುಬಿದ ಪಾತ್ರೆಯ ಸಾಂಬಾರು ಉಂಡವರಿಗೆ ವಾಂತಿ ಖಂಡಿತ. ಅದಕ್ಕೆ ಮದ್ದು ಕಲಾಯಿ.

ನಾನು ಸಣ್ಣವನಿದ್ದಾಗ ಮಳೆಗಾಲ ಮುಗಿದ ಮೇಲೆ ಕಲಾಯಿಯವರು ಬರ್ತಾ ಇದ್ರು. ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ತಿದಿ ಹೂಡಿ, ಇದ್ದಿಲು ಉರಿಸುವುದು. ಪಾತ್ರೆಯನ್ನು ಉಜ್ಜಿ ಕಾಯಿಸಿ, ನವಸಾಗರದ ಪುಡಿ ಚಿಮುಕಿಸಿ, ತವರದ ಕಡ್ಡಿ ತಾಗಿಸಿ, ಹತ್ತಿಯ ಉಂಡೆಯಿಂದ ಒಂದು ಸುತ್ತು ಒರೆಸಿದರೆ ಆಯಿತು, ಕೆಂಪು ಪಾತ್ರೆಯ ಒಳಗೆ ಬೆಳ್ಳಿಯ ಹಾಗೆ ಹೊಳಪು. ಆ ಹೊಗೆಗೆ ನಾವು ಮಕ್ಕಳು ಕೆಮ್ಮುತ್ತಾ ಕೂತು ನೋಡ್ತಿದ್ದೆವು.

ತವರ ಸುಮಾರು 232 ಡಿಗ್ರಿ ಸೆಂಟಿಗ್ರೇಡಿಗೆ ಕರಗುತ್ತದೆ. ನೀರು ಇರುವ ತನಕ ಪಾತ್ರೆ ಅಷ್ಟು ಕಾಯುವುದಿಲ್ಲ. ಖಾಲಿ ಪಾತ್ರೆ ಒಲೆಯಲ್ಲಿಟ್ಟರೆ ಕಲಾಯಿ ಹೋಯಿತು ಅಂತಲೇ. ಹಳೆಯ ಅಡುಗೆ ಭಟ್ಟರು ಒಲೆ ಹೊತ್ತಿಸುವ ಮೊದಲೇ ನೀರು ಹಾಕಿಸುತ್ತಿದ್ದದ್ದು, ಎಣ್ಣೆಯಲ್ಲಿ ಕರಿಯುವುದಕ್ಕೆ ಕಬ್ಬಿಣದ ಬಾಣಲೆಯನ್ನೇ ಬಳಸುತ್ತಿದ್ದದ್ದು ಸುಮ್ಮನೆ ಅಲ್ಲ. ವಿಜ್ಞಾನ ಓದದಿದ್ದರೂ ಅವರಿಗೆ ಲೆಕ್ಕ ಗೊತ್ತಿತ್ತು.

ಅಲ್ಯೂಮಿನಿಯಂ ಬಂತು

1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಹೆರೂ ಎಂಬವರು ವಿದ್ಯುತ್ತಿನ ಸಹಾಯದಿಂದ ಅಲ್ಯೂಮಿನಿಯಂ ತೆಗೆಯುವ ಕ್ರಮ ಕಂಡುಹಿಡಿದರು. ಅಲ್ಲಿಯವರೆಗೆ ದುಬಾರಿಯಾಗಿದ್ದ ಲೋಹ ಅಗ್ಗವಾಯಿತು. ನಮ್ಮ ಕಡೆಗೆ ಅದು ಬಂದದ್ದು ಮದ್ರಾಸಿನಿಂದ. ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸು ಪ್ರಾಂತ್ಯದಲ್ಲಿತ್ತು. 1898ರಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಎಂಬ ಇಂಜಿನಿಯರು ಮದ್ರಾಸಿನ ಸ್ಕೂಲ್ ಆಫ್ ಆರ್ಟ್ಸ್‌ನಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡಿಸಲು ತೊಡಗಿದರು. 1900ರಲ್ಲಿ ಅದಕ್ಕೊಂದು ಕಂಪೆನಿಯೂ ಆಯಿತು. ಇದೇ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದರು.

ಅಲ್ಯೂಮಿನಿಯಂ ತೂಕ ತಾಮ್ರದ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನಾಲ್ಕು ಜನ ಎತ್ತುವಲ್ಲಿ ಇಬ್ಬರು ಸಾಕು. ಕಲಾಯಿಯ ಖರ್ಚಿಲ್ಲ. ಶಾಖವೂ ಚೆನ್ನಾಗಿ ಹರಡುತ್ತದೆ. ಹಾಗಾಗಿ ಹೋಟೆಲು, ಹಾಸ್ಟೆಲು, ಮದುವೆ ಮನೆ ಎಲ್ಲ ಕಡೆ ಅದೇ ತುಂಬಿತು. ಆದರೆ ಹುಳಿ ಮತ್ತು ಉಪ್ಪು ಸೇರಿದರೆ ಅದಕ್ಕೂ ಆಗುವುದಿಲ್ಲ. ಮೈಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತದೆ, ಅಡುಗೆಯ ಬಣ್ಣ, ರುಚಿ ಕೆಡುತ್ತದೆ. ಅನ್ನಕ್ಕೆ, ಬಿಸಿನೀರಿಗೆ ಸರಿ. ರಾತ್ರಿ ಉಳಿದ ಮಜ್ಜಿಗೆ ಹುಳಿಯನ್ನು ಅದರಲ್ಲೇ ಇಡುವುದು ಸರಿಯಲ್ಲ.

ಸ್ಟೀಲಿನ ಹೊಳಪು

ತುಕ್ಕು ಹಿಡಿಯದ ಉಕ್ಕಿಗೆ ದಾರಿ ಮಾಡಿದವರು ಇಂಗ್ಲೆಂಡಿನ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ, 1913ರಲ್ಲಿ. ಪಾತ್ರೆಗೆ ಒಳ್ಳೆಯದು ಎನ್ನುವ 304 ನಂಬ್ರದ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. 1980ರ ದಶಕದಲ್ಲಿ ಸೇಲಂ ಕಾರ್ಖಾನೆಯ ಸ್ಟೀಲು ಪೇಟೆಗೆ ಬಂದ ಮೇಲೆ ನಮ್ಮಂಥವರ ಮನೆಯಲ್ಲೂ ತಟ್ಟೆ ಲೋಟ ಹೊಳೆಯತೊಡಗಿತು.

ಸ್ಟೀಲಿಗೆ ಹುಳಿಯ ಹೆದರಿಕೆ ಇಲ್ಲ, ಕಲಾಯಿ ಬೇಡ, ತೊಳೆಯಲು ಸುಲಭ. ಆದರೆ ಅದು ಶಾಖ ಹರಡುವುದಿಲ್ಲ. ಬೆಂಕಿ ತಾಗಿದಲ್ಲಿ ಮಾತ್ರ ಕಾಯುತ್ತದೆ, ಅಲ್ಲೇ ತಳ ಹಿಡಿಯುತ್ತದೆ. ತೆಳು ಸ್ಟೀಲಾದರೆ ಕೇಳುವುದೇ ಬೇಡ. ಹಾಗಾಗಿ ಸ್ಟೀಲಿನಲ್ಲಿ ನೋಡಬೇಕಾದ್ದು ಹೊಳಪಲ್ಲ, ತಳದ ದಪ್ಪ.

ಹಬೆಯ ಅಡುಗೆ

ಈ ತೊಂದರೆಗೆ ದೊಡ್ಡ ಅಡುಗೆಯವರು ಕಂಡ ಉಪಾಯ ಹಬೆ. ಬಾಯ್ಲರಿನಲ್ಲಿ ನೀರು ಕಾಯಿಸಿ, ಹಬೆಯನ್ನು ಪೈಪಿನಲ್ಲಿ ತಂದು ಪಾತ್ರೆಗೆ ಬಿಡುವುದು. ಅನ್ನದ ಪಾತ್ರೆಗೆ ಹಬೆ ನೇರ ಒಳಗೆ ಹೋಗಬಹುದು. ಸಾಂಬಾರಿನ ಪಾತ್ರೆಗೆ ಎರಡು ಪದರದ ಗೋಡೆ, ನಡುವೆ ಹಬೆ. ಒಂದು ಕಿಲೋ ಹಬೆ ತಣಿದು ನೀರಾಗುವಾಗ ಬಿಡುವ ಶಾಖದಿಂದ ಸುಮಾರು ಏಳು ಲೀಟರ್ ಬಾವಿನೀರು ಕುದಿಯುವ ಹಂತಕ್ಕೆ ಬರುತ್ತದೆ. ಪಾತ್ರೆಯ ಕೆಳಗೆ ಬೆಂಕಿಯೇ ಇಲ್ಲದ ಕಾರಣ ತಳ ಕರಟುವುದಿಲ್ಲ, ಅಡುಗೆಯವರ ಕಣ್ಣಿಗೆ ಹೊಗೆ ಇಲ್ಲ. ಧರ್ಮಸ್ಥಳದ ಛತ್ರದಲ್ಲಿ ಹಬೆಯಿಂದ ಅನ್ನ ಬೇಯುವುದನ್ನು ಕೆಲವರು ನೋಡಿರಬಹುದು. 2000ದಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಕ್ಷಯಪಾತ್ರೆಯವರು ಶಾಲಾ ಮಕ್ಕಳ ಬಿಸಿಯೂಟಕ್ಕೂ ಇದೇ ಕ್ರಮ ಹಿಡಿದರು.

ಹಾಗಂತ ಇದು ನಮ್ಮ ಸಂಘಕ್ಕೆ ಹೇಳಿದ್ದಲ್ಲ. ಬಾಯ್ಲರಿಗೆ ಕಲಿತ ಜನ ಬೇಕು, ತಪಾಸಣೆ ಬೇಕು, ದಿನವೂ ಕೆಲಸ ಬೇಕು. ವರ್ಷದಲ್ಲಿ ಕೆಲವೇ ದಿನ ಓಡುವ ನಮ್ಮಂಥವರಿಗೆ ದಪ್ಪ ತಳದ ಪಾತ್ರೆಯೇ ಸರಿ.

ನಮ್ಮ ತಪ್ಪು

ಸಂಘ ಶುರುವಾದಾಗ ಪಾತ್ರೆ ಕೋಣೆಯಲ್ಲಿ ಇದ್ದದ್ದು ಕೆಲವು ಅಲ್ಯೂಮಿನಿಯಂ ಪಾತ್ರೆಗಳು ಮತ್ತು ಊರಿನ ಹಳೆಯ ಮನೆಯೊಂದರವರು ದಾನ ಕೊಟ್ಟ ಎರಡು ತಾಮ್ರದ ಕೊಪ್ಪರಿಗೆ. ಹದಿನಾಲ್ಕನೇ ವರ್ಷದಲ್ಲಿ ಬಾಡಿಗೆಗೆ ಬೇಡಿಕೆ ಹೆಚ್ಚಾಯಿತು ಎಂದು ಹೊಸ ಸ್ಟೀಲ್ ಪಾತ್ರೆ ತರಲು ತೀರ್ಮಾನವಾಯಿತು. ಮೂರು ದರಪಟ್ಟಿ ಬಂತು. ನಿಯಮದ ಪ್ರಕಾರ ಎಲ್ಲಕ್ಕಿಂತ ಕಡಿಮೆಯದ್ದನ್ನು ಒಪ್ಪಿದೆವು. ಹಣ ಸ್ವಲ್ಪ ಸಾಲದೆ ಬಂದಾಗ ಒಂದು ಕೊಪ್ಪರಿಗೆಯನ್ನು ತೂಕಕ್ಕೆ ಮಾರಿದೆವು. ಆ ನಿರ್ಣಯಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಪಾತ್ರೆ ತಂದವನೂ ನಾನೇ.

ನಾವು ದರ ನೋಡಿದೆವು, ಅಗಲ ನೋಡಿದೆವು. ತೂಕ ನೋಡಲಿಲ್ಲ, ಹಿಡಿ ನೋಡಲಿಲ್ಲ. ಹಿಡಿಗೆ ರಿವೆಟ್ ಇರಲಿಲ್ಲ, ಎರಡು ಬೊಟ್ಟು ವೆಲ್ಡಿಂಗ್ ಅಷ್ಟೆ. ಮರು ವರ್ಷ ಒಂದು ಮದುವೆಯಲ್ಲಿ ಕುದಿಯುವ ಸಾಂಬಾರು ಇಳಿಸುವಾಗ ಒಂದು ಬದಿಯ ಹಿಡಿ ಕಿತ್ತು ಬಂತು. ಬಡಿಸಲು ಬಂದಿದ್ದ ನಮ್ಮ ಊರಿನದೇ ಹುಡುಗನ ಎರಡೂ ಕಾಲು ಬೆಂದು ಹೋಯಿತು. ಆ ವರ್ಷ ಅವನು ಕಾಲೇಜು ಪರೀಕ್ಷೆ ಬರೆಯಲಿಲ್ಲ.

ಮಂಡಳಿಯ ಸಭೆಯಲ್ಲಿ, ಬಾಡಿಗೆ ಕೊಂಡವರು ಎಚ್ಚರದಿಂದ ಎತ್ತಬೇಕಿತ್ತು ಎಂದು ಒಂದು ಮಾತು ಬಂತು. ನಾನು ಕೂಡ ಆಗ ಸುಮ್ಮನಿದ್ದೆ. ಆಮೇಲೆ ಹುಡುಗನ ಮನೆಗೆ ಹೋದಾಗ ಅವನ ತಾಯಿ ಬೈಯಲಿಲ್ಲ. "ಪಾತ್ರೆ ಸಂಘದ್ದು ಅಲ್ವಾ, ಗಟ್ಟಿ ಇರ್ತದೆ ಅಂತ ನಂಬಿದ್ದೆವು" ಎಂದು ಹೇಳಿದರು. ಅಷ್ಟು ಹೇಳಿದ್ದೇ ನನಗೆ ಬೈದದ್ದಕ್ಕಿಂತ ಜಾಸ್ತಿ ಆಯಿತು. ಮುಂದಿನ ಸಭೆಯಲ್ಲಿ ನಾನೇ ಎದ್ದು ತಪ್ಪು ನಮ್ಮದು ಎಂದೆ. ಆಸ್ಪತ್ರೆಯ ಖರ್ಚನ್ನು ನಿರ್ದೇಶಕರೆಲ್ಲ ಸೇರಿ ಕೈಯಿಂದ ಕೊಟ್ಟೆವು. ಪಾತ್ರೆಗಳಿಗೆಲ್ಲ ರಿವೆಟ್ ಹೊಡೆಸಿದೆವು. ಹುಡುಗ ಈಗ ಚೆನ್ನಾಗಿದ್ದಾನೆ. ಕಾಲಿನ ಕಲೆ ಮಾತ್ರ ಹೋಗಲಿಲ್ಲ.

ಪಾತ್ರೆ ಕೊಳ್ಳುವಾಗ

ಮನೆಗೆ, ಹೋಟೆಲಿಗೆ, ಅಂಗನವಾಡಿಗೆ ಕೊಳ್ಳುವವರಿಗೂ ಉಪಯೋಗವಾದೀತು ಎಂದು ಕಲಿತದ್ದನ್ನು ಬರೆಯುತ್ತೇನೆ.

1. ಒಂದೇ ಅಳತೆಯ ಎರಡು ಪಾತ್ರೆ ಇದ್ದರೆ ತೂಗಿ ನೋಡಿ. ತೂಕ ಜಾಸ್ತಿ ಇದ್ದರೆ ಲೋಹ ಜಾಸ್ತಿ. ತಳ ಎಷ್ಟು ದಪ್ಪ ಎಂದು ಕೇಳಿ.

2. ಹಿಡಿ ದಪ್ಪ ಇರಲಿ, ರಿವೆಟ್ ಇರಲಿ. ನೀರು ತುಂಬಿಸಿ ಅಂಗಡಿಯಲ್ಲೇ ಎತ್ತಿಸಿ ನೋಡಿ, ನಾಚಿಕೆ ಬೇಡ.

3. ಸ್ಟೀಲಿನ ನಂಬ್ರವನ್ನು ಬಿಲ್ಲಿನಲ್ಲಿ ಬರೆಸಿ. ಅಯಸ್ಕಾಂತ ಹಿಡಿಯದಿದ್ದರೆ ಒಳ್ಳೆಯ ಸ್ಟೀಲು ಎನ್ನುವುದು ಪೂರ್ತಿ ಸರಿಯಲ್ಲ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಬೆರೆಸಿದ 202 ನಂಬ್ರದ್ದಕ್ಕೂ ಅಯಸ್ಕಾಂತ ಅಂಟುವುದು ಕಷ್ಟ.

4. ಸ್ಟೀಲ್ ಪಾತ್ರೆಯಲ್ಲಿ ತಣ್ಣೀರಿಗೆ ಉಪ್ಪು ಹಾಕಿ ಬಿಡಬೇಡಿ, ತಳದಲ್ಲಿ ಗುಳಿ ಬೀಳುತ್ತದೆ. ನೀರು ಕುದಿದ ಮೇಲೆ ಹಾಕಿ ಕದಡಿ. ಉಜ್ಜಲು ಕಬ್ಬಿಣದ ನಾರಿಗಿಂತ ನಮ್ಮ ತೆಂಗಿನ ನಾರೇ ಒಳ್ಳೆಯದು.

5. ಬೆಲೆಯನ್ನು ವರ್ಷದಿಂದ ಭಾಗಿಸಿ ನೋಡಿ. ಅರ್ಧ ಬೆಲೆಗೆ ತಂದದ್ದು ನಾಲ್ಕು ವರ್ಷ ಬಂದು, ಪೂರ್ತಿ ಬೆಲೆಯದ್ದು ಇಪ್ಪತ್ತು ವರ್ಷ ಬಂದರೆ ಅಗ್ಗ ಯಾವುದು? ಅಡಿಕೆ ಲೆಕ್ಕ ಹಾಕುವ ನಮಗೆ ಇದು ಕಷ್ಟವಲ್ಲ.

ಕೊನೆಯ ಮಾತು

ಬರುವ ಮಹಾಸಭೆಯಲ್ಲಿ ಹೊಸ ಪಾತ್ರೆ ಕೊಳ್ಳುವ ವಿಷಯ ಮತ್ತು ಉಳಿದ ಒಂದು ಕೊಪ್ಪರಿಗೆಯನ್ನು ಮಾರುವ ವಿಷಯ ಎರಡೂ ಬರುತ್ತದೆ. ಹೊಸ ಪಾತ್ರೆಯ ದರಪಟ್ಟಿ ತರಿಸುವ ಮೊದಲೇ ತಳ ಇಷ್ಟು ದಪ್ಪ, ಹಿಡಿ ಹೀಗೆ, ಸ್ಟೀಲು ಇಂಥದ್ದು ಎಂದು ನಾವೇ ಬರೆದು ಕೊಡುವ. ಆಮೇಲೆ ಕಡಿಮೆ ದರದವರನ್ನು ಆರಿಸಿದರೆ ನಿಯಮವೂ ಉಳಿಯಿತು, ಕಾಲೂ ಉಳಿಯಿತು. ಕೊಪ್ಪರಿಗೆಯನ್ನು ಮಾರುವುದು ಬೇಡ ಎಂದು ನನ್ನ ವಿನಂತಿ. ಕಲಾಯಿ ಹಾಕುವವರು ಈಗ ಸಿಗುವುದು ಅಪರೂಪ, ನಿಜ. ಸಿಗದಿದ್ದರೆ ಅಡುಗೆಗೆ ಬೇಡ, ಕೈ ತೊಳೆಯುವ, ಪಾತ್ರೆ ತೊಳೆಯುವ ಬಿಸಿನೀರಿಗೆ ಇರಲಿ. ಕೊಟ್ಟವರ ಮನೆಯವರು ಇಂದಿಗೂ ನಮ್ಮ ಸದಸ್ಯರು.

ಸಂಘವು ಸುವರ್ಣ ಮಹೋತ್ಸವವನ್ನೂ ಕಾಣಲಿ, ಆ ದಿನದ ಊಟ ಈಗ ನಾವು ಕೊಳ್ಳುವ ಪಾತ್ರೆಯಲ್ಲೇ ಬೇಯಲಿ ಎಂದು ಹಾರೈಸಿ ನನ್ನ ಬರಹ ಮುಗಿಸುತ್ತೇನೆ. ತಪ್ಪಿದ್ದರೆ ಕ್ಷಮೆ ಇರಲಿ.

– ಸಂಘದ ಓರ್ವ ನಿರ್ದೇಶಕ